ದೊಡ್ಡಕ್ಕ ಹೇಳುತ್ತಿದ್ದ ಸಾವು

ಯುದ್ಧಕ್ಕೆ ಹೆದರಿ ಓಡಿಬಂದವರಿಗೆ ಮನೆ, ಕೆಲಸ ಹುಡುಕಿಕೊಡುವ ಸಂಸ್ಥೆಯ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಬಾಡಿಗೆಗೆ ಕೊಡಲೊಲ್ಲದ ಮಾಲೀಕರ ಬಾಯಿ ಮುಚ್ಚಿಸುವವಳು ಅವಳೇ, ಸಭೆಯಲ್ಲಿ ದಾನಿಗಳನ್ನು ಅಳಿಸುವವಳೂ ಅವಳೇ. ಅಳಿಸಲು ಅವಳ ಬಳಿ ಒಂದು ಕಥೆಯಿತ್ತು: ಸಂಸ್ಥೆಯ ಹೊಲಿಗೆಯವಳ ತಾಯಿ ಓಡಿಬರುವ ದಾರಿಯಲ್ಲಿ ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟ ಕಥೆ.

ನಡೆದದ್ದೇ ಬೇರೆ. ನಡೆಯಲಾಗದ ತಾಯಿಯನ್ನು ಮಗಳು ಮನೆಯಲ್ಲೇ ಬಿಟ್ಟು ಬಂದಿದ್ದಳು. ದುಭಾಷಿಯ ಮೂಲಕ ಅವಳು ನಂಬಿ ಹೇಳಿಕೊಂಡದ್ದಕ್ಕೆ ದೊಡ್ಡಕ್ಕ ಉಪ್ಪುಖಾರ ಹಚ್ಚಿದ್ದಳು. ಬಿಟ್ಟುಬಂದವಳಿಗಾಗಿ ಯಾರು ಅಳುತ್ತಾರೆ?

ಪ್ರತಿ ಸಭೆಯಲ್ಲೂ ಹೊಲಿಗೆಯವಳು ಮುಂದಿನ ಸಾಲಿನಲ್ಲಿ ಕುಳಿತು, ಭಾಷೆ ತಿಳಿಯದೆ ಸುಮ್ಮನೆ ನಗುತ್ತಿದ್ದಳು. ಈ ಸಲ ನಗಲಿಲ್ಲ. ಅವಳೀಗ ಸಂಸ್ಥೆಯ ತರಗತಿಯಲ್ಲೇ ಭಾಷೆ ಕಲಿತಿದ್ದಾಳೆಂಬುದು ವೇದಿಕೆಯ ಮೇಲಿದ್ದ ದೊಡ್ಡಕ್ಕನಿಗೆ ಆಗ ನೆನಪಾಯಿತು.

ಸಭೆ ಮುಗಿದ ಮೇಲೆ ಹೊಲಿಗೆಯವಳು ಕುರ್ಚಿ ಮಡಚುತ್ತಿದ್ದಳು. ದೊಡ್ಡಕ್ಕ ತಲೆ ತಗ್ಗಿಸಿಕೊಂಡು ಹೋಗಿ, "ತಪ್ಪಾಯ್ತಮ್ಮ. ಬೈಯೋದಾದ್ರೆ ಬೈದ್ಬಿಡು" ಎಂದಳು.

ಅವಳು ಬೈಯಲಿಲ್ಲ. ಕೈಯಲ್ಲಿದ್ದ ಕುರ್ಚಿಯನ್ನು ಗೋಡೆಗೆ ಒರಗಿಸಿ ಮೆಲ್ಲಗೆ ಕೇಳಿದಳು:

"ದೊಡ್ಡಕ್ಕಾ, ನೀವು ಹೇಳೋ ಕಥೇಲಿ, ಸಾಯೋ ಮುಂಚೆ ನಮ್ಮಮ್ಮ ನಂಗೇನಾದ್ರೂ ಹೇಳಿದ್ಲಾ?"