ಫೇರ್ ಕಾಪಿಯ ನಾಲ್ಕನೆಯ ಪುಟ

ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಓಣಿಯ ಹೆಂಗಸರು ಮೈಮೇಲೆ ಬಂದದ್ದು, ಕನಸಿನಲ್ಲಿ ಕಂಡದ್ದು ಅಂತ ಹೇಳುವಾಗ ಹೂಂಗುಟ್ಟುತ್ತ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದೆ, ಅಷ್ಟೆ. ಕಾನ್ವೆಂಟಿನಲ್ಲಿ ಕಲಿತವಳಿಗೆ ಸೊಕ್ಕು ಅಂತ ಅವರು ಅಂದುಕೊಂಡಿರಲೂಬಹುದು. ಈಗ ನಾನೇ ಹೇಳುವ ಸರದಿ. ನೀವು ನಂಬಲೇಬೇಕೆಂದೇನೂ ಇಲ್ಲ.

ಹೊಸಪೇಟೆಯ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂದು ಬ್ಯೂಟಿ ಪಾರ್ಲರ್ ಇದೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಹುಬ್ಬು ತೀಡುತ್ತಿದ್ದವಳು ಮಾವಿ. ಬರ್ಮಾದವಳು. ಸೈನಿಕರು ಊರಿಗೆ ಬೆಂಕಿಯಿಟ್ಟ ಮೇಲೆ ಗುಡ್ಡ ಹತ್ತಿಳಿದು ಮಿಜೋರಾಮಿಗೆ ಬಂದು, ಅಲ್ಲಿ ತಾಯಿಯನ್ನು ಕಳೆದುಕೊಂಡು, ಗೆಳತಿಯೊಬ್ಬಳ ಜೊತೆ ನಮ್ಮೂರು ಸೇರಿದ್ದಳು. ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ “ನೋಯ್ತೈತೇನ್ರಿ ಅಕ್ಕಾ?” ಅನ್ನುವಳು. ಕನ್ನಡವೆಲ್ಲ ಗಿರಾಕಿಗಳಿಂದ ಕಲಿತದ್ದು.

ಒಂದು ದಿನ ಅವಳಿಗೆ ದಿಲ್ಲಿಯ ನಿರಾಶ್ರಿತರ ಕಚೇರಿಯಿಂದ ಸಂದರ್ಶನದ ಕರೆ ಬಂತು. ಅವಳ ಮಾತು ನಿಜವೆನಿಸಿದರೆ ಒಂದು ಕಾರ್ಡು ಕೊಡುತ್ತಾರೆ. ಪೊಲೀಸರು ಕೇಳಿದಾಗ ತೋರಿಸಲು ಅದೊಂದಾದರೂ ಇರುತ್ತದೆ. ಇಲ್ಲವಾದರೆ ಯಾವತ್ತು ಹಿಡಿದು ವಾಪಸು ಕಳಿಸುತ್ತಾರೋ ಎಂಬ ಭಯದಲ್ಲೇ ಬದುಕಬೇಕು. ತನ್ನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗಬೇಕೆಂದು ಅವಳ ಆಸೆ.

“ಇವರಿಗೆ ಹೇಳು ಮಾವಿ,” ಅಂದಳು ಪಾರ್ಲರಿನ ಒಡತಿ ಶಾಂತಕ್ಕ, ನನ್ನತ್ತ ಕೈ ಮಾಡಿ. “ಅಕ್ಷರ ಮುತ್ತಿನ್ಹಂಗ ಅದಾವು. ಪಾಪ, ಕಿರಾಣಿ ಚೀಟಿ ಬರೆಯೋದ್ರಾಗ ತೀರಿಹೋಗಾಕತ್ಯಾವು!”

ಎಲ್ಲರೂ ನಕ್ಕರು. ನಾನೂ ನಕ್ಕು ಒಪ್ಪಿಕೊಂಡೆ.

ಮೂರು ಮಧ್ಯಾಹ್ನ ಅವಳು ನಮ್ಮ ಅಡುಗೆಮನೆಯ ಮಣೆಯ ಮೇಲೆ ಕೂತು ಹೇಳಿದಳು, ನಾನು ರಫ್ ಪುಸ್ತಕದಲ್ಲಿ ಬರೆದುಕೊಂಡೆ. ಮೊದಲು ರಫ್, ಆಮೇಲೆ ಫೇರ್ ಕಾಪಿ. ಸಿಸ್ಟರುಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆದು ಕಲಿಸಿದ ಪದ್ಧತಿ. ಮದುವೆಯ ಸಾಮಾನಿನ ಪಟ್ಟಿಯನ್ನೂ ನಾನು ಹಾಗೆಯೇ ಬರೆಯುತ್ತೇನೆ. ಫೇರ್ ಕಾಪಿಯಲ್ಲಿ ವ್ಯಾಕರಣ ತಿದ್ದಬಹುದು, ಹೊಸ ಮಾತು ಸೇರಿಸಕೂಡದು. ಮಾವಿಯ ಕಥೆ ಹೊಳೆಯ ಹತ್ತಿರ ಬಂದಾಗ ಮಾತು ತುಸು ಬೇಗ ಓಡಿತು. “ನಾನು, ಜ್ವರ ಬಂದಿದ್ದ ಅವ್ವ. ಹೊಳಿ ದಾಟಿದ್ವಿ.” ಅಷ್ಟನ್ನೇ ಬರೆದುಕೊಂಡೆ.

ನಾಲ್ಕನೆಯ ದಿನ ಊಟದ ಪಾತ್ರೆ ತೊಳೆದಿಟ್ಟು, ಬಾಗಿಲು ಹಾಕಿಕೊಂಡು ಒಬ್ಬಳೇ ಫೇರ್ ಕಾಪಿಗೆ ಕೂತೆ. ಎರಡು ಪುಟ ಬರೆದದ್ದು ಚೆನ್ನಾಗಿ ನೆನಪಿದೆ. ಮೂರನೆಯದರ ನಡುವೆ ಫ್ಯಾನಿನ ಸದ್ದು ನೀರು ಹರಿವ ಸದ್ದಿನಂತೆ ಕೇಳತೊಡಗಿತು. ಅಂಥ ಬಿಸಿಲಲ್ಲೂ ಪಾದಗಳು ತಣ್ಣಗಾದವು. ಎಲ್ಲಿಂದಲೋ ಹಸಿ ಕಟ್ಟಿಗೆಯ ಹೊಗೆ. ಹೆದರಿಕೆಯೇನೂ ಆಗಲಿಲ್ಲ. ಕೂಸಿಗೆ ಹಾಲು ಕುಡಿಸುತ್ತ ತೂಕಡಿಸುವಾಗ ಇರುತ್ತದಲ್ಲ, ಅಂಥದೊಂದು ಮಂಪರು. ನಮ್ಮವರನ್ನು ದೋಣಿಮಲೈ ಗಣಿಯಿಂದ ಕರೆತರುವ ಬಸ್ಸು ಓಣಿಯ ತುದಿಯಲ್ಲಿ ಹಾರ್ನ್ ಹೊಡೆದಾಗ ತಲೆ ಎತ್ತಿದೆ. ಐದು ಪುಟ ಮುಗಿದಿದ್ದವು. ಪೆನ್ನಿಗೆ ಮುಚ್ಚಳ ಹಾಕಿತ್ತು.

ದೀಪ ಹಚ್ಚುವ ಹೊತ್ತಿಗೆ ಮಾವಿ ಬಂದಳು. ಊರಿನ ಶಾಲೆಯಲ್ಲಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದಳು, ಸಾಲಿನ ಕೆಳಗೆ ಬೆರಳಾಡಿಸುತ್ತ ಓದಿದಳು. ನಾಲ್ಕನೆಯ ಪುಟದಲ್ಲಿ ಬೆರಳು ನಿಂತಿತು. ಅಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ ಹೀಗಿತ್ತು: ತಂಗಿ ಜೂಯಿಯೂ ಜೊತೆಗಿದ್ದಳು. ನೀರಿಗೆ ಹೆದರಿ, ಅನ್ನದ ಪಾತ್ರೆ ಅವುಚಿಕೊಂಡು ದಡದಲ್ಲೇ ಕೂತಳು. ಅವ್ವನನ್ನು ದಾಟಿಸಿ ಬರುತ್ತೇನೆ ಅಂದೆ. ತಿರುಗಿ ಹೋಗಲಿಲ್ಲ.

“ಅಕ್ಕಾ, ಇದನ್ನ ಯಾರು ಹೇಳಿದ್ರು?”

“ನೀನೇ ಹೇಳಿರ್ತಿ, ಮಾವಿ.”

“ನಾ ಹೇಳಿಲ್ರಿ. ಯಾರಿಗೂ ಹೇಳಿಲ್ಲ. ಗುಂಡಿನ ಸಪ್ಪಳ ಬಂತು, ತಿರುಗಿ ಹೋಗ್ಲಿಲ್ಲ. ಅವ್ವಗ ಖಬರಿರ್ಲಿಲ್ಲ. ಎಚ್ಚರಾದ ಮ್ಯಾಲೆ ಕೇಳಿದ್ಲು. ಹಿಂದ ಬರಾಕತ್ಯಾಳ ಅಂತ ಹೇಳಿದೆ, ಆಕಿ ಸಾಯೋತನಕ.”

ರಫ್ ಪುಸ್ತಕ ತೆಗೆದು ನೋಡಿದೆವು. ಹೊಳೆಯ ಬಗ್ಗೆ ಅದೊಂದೇ ಸಾಲು. ಜೂಯಿ ಎಂಬ ಹೆಸರು ಇಡೀ ಪುಸ್ತಕದಲ್ಲೇ ಇರಲಿಲ್ಲ.

ದಿಲ್ಲಿಗೆ ಕಳಿಸಿದ್ದ ಮೊದಲ ಅರ್ಜಿಯಲ್ಲಿ ಒಡಹುಟ್ಟಿದವರು ಯಾರೂ ಇಲ್ಲ ಅಂತ ಬರೆಸಿದ್ದಳಂತೆ. ಈಗ ತಂಗಿ ಇದ್ದಾಳೆಂದರೆ ಉಳಿದದ್ದೂ ಸುಳ್ಳೆನಿಸಬಹುದು, ಕಾರ್ಡು ಕೈತಪ್ಪಬಹುದು. ಆ ಹಾಳೆ ಹರಿದು ಬೇರೆ ಬರೆದುಕೊಡುತ್ತೇನೆ ಅಂದೆ. ಮಾವಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು.

“ಬ್ಯಾಡ್ರಿ. ಕಾಗದದಾಗ ಹೆಸರ ಇಲ್ಲಂದ್ರ, ನಾಳೆ ಆಕಿ ಎಲ್ಲ್ಯಾರ ಸಿಕ್ರೂ ನನ್ನ ಹತ್ರ ಯಾರು ಕಳಸ್ತಾರ?”

ದಿಲ್ಲಿಯಲ್ಲಿ ಆ ಪುಟದ ಮೇಲೆಯೇ ಬಹಳ ಪ್ರಶ್ನೆ ಕೇಳಿದರಂತೆ. ಮೊದಲು ಸುಳ್ಳು ಹೇಳಿದ್ದೆ, ನಾಚಿಕೆಯಿಂದ, ಅಂದಳಂತೆ. ತಿಂಗಳುಗಳ ಮೇಲೆ ಕಾರ್ಡು ಬಂತು. ಜೂಯಿಯ ಹೆಸರು ಕಡತ ಸೇರಿತು. ಶಾಂತಕ್ಕ ಓಣಿಗೆಲ್ಲ ಪೇಡೆ ಹಂಚಿದಳು.

ಇದಕ್ಕೆಲ್ಲ ಮೊದಲೊಮ್ಮೆ ಪಾರ್ಲರಿನವರ ಜೊತೆ ಹಂಪಿಗೆ ಹೋಗಿದ್ದಾಗ ಮಾವಿ ಒಬ್ಬಳೇ ತೆಪ್ಪ ಹತ್ತದೆ ದಡದಲ್ಲಿ ನಿಂತದ್ದನ್ನು ನೋಡಿದ್ದೆ. ಅದರಿಂದಲೇ ಏನೋ ಊಹಿಸಿ ನಿದ್ದೆಗಣ್ಣಲ್ಲಿ ಬರೆದಿರಬೇಕು ಅಂತ ನಮ್ಮವರು ಹೇಳುತ್ತಾರೆ. ಇರಬಹುದು. ಹೆಸರನ್ನೂ ಊಹಿಸಿದೆನೇ? ಆ ಅನ್ನದ ಪಾತ್ರೆಯನ್ನು?

ಮಾವಿ ಈಗ ದಿಲ್ಲಿಯಲ್ಲೇ ಇದ್ದಾಳೆ. ಜೂಯಿಯ ಸುದ್ದಿಯಿಲ್ಲ. ಈಚೆಗೆ ಫೋನು ಮಾಡಿದವಳು ಮೆಲ್ಲಗೆ ಕೇಳಿದಳು: “ಅಕ್ಕಾ, ಇನ್ನೊಂದ್ಸಲ ಬರೀತೀರೇನ್ರಿ? ಆಕಿ ಎಲ್ಲದಾಳ, ಅಷ್ಟ ಸಾಕು.”

ಹೂಂ ಅಂದುಬಿಟ್ಟೆ. ಅಂದಿನಿಂದ ದಿನಾ ಮಧ್ಯಾಹ್ನ ಹಾಳೆಯ ಮೇಲೆ ಪೆನ್ನು ಊರಿ ಕೂರುತ್ತೇನೆ. ಏಳುವಾಗ ಅಲ್ಲಿ ಶಾಯಿಯ ಒಂದು ಚುಕ್ಕೆ ಬಿಟ್ಟರೆ ಏನೂ ಇರುವುದಿಲ್ಲ. ಅವಳು ಫೋನು ಮಾಡಿದಾಗ, “ನಾಳೆ ನೋಡೂಣವ್ವ,” ಅನ್ನುತ್ತೇನೆ.