ಲಗ್ಗೆರೆಯ ನಲ್ಲಿಯ ಮುಂದೆ ನಾನೊಂದು ಕಲ್ಲು

ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದೊಡನೆ ಏಳುವ ಘಾಟು ನಿಮಗೂ ಪರಿಚಿತವಿರಬೇಕು. ಮೊನ್ನೆ ಯುವನಾಯಕರ ತರಬೇತಿಯೊಂದಕ್ಕೆ ನನ್ನನ್ನು ಹಿರಿಯನೆಂದು ಕರೆದಿದ್ದರು. ಹುಡುಗಿಯೊಬ್ಬಳು ಪೆನ್ನು ತೆರೆದಳು. ನಾನು ತೊಂಬತ್ತರ ದಶಕದ ಬೆಂಗಳೂರಿನ ಲಗ್ಗೆರೆಗೆ ಹೋಗಿಬಿಟ್ಟೆ.

ಆಗ ನಾನೂ ಅಂಥದೇ ಫೆಲೋಶಿಪ್ಪಿನಲ್ಲಿದ್ದೆ. ಸಮಾಜವನ್ನು ಹೊಸ ಬಗೆಯಲ್ಲಿ ಬದಲಿಸುವ ನಾಯಕರನ್ನು ಮೂರು ತಿಂಗಳಲ್ಲಿ ತಯಾರಿಸಬಹುದೆಂದು ಅದನ್ನು ನಡೆಸುವವರು ನಂಬಿದ್ದರು; ಅವರಿಗಿಂತ ಹೆಚ್ಚಾಗಿ ನಾನು ನಂಬಿದ್ದೆ. ಮೊದಲ ವಾರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಒಬ್ಬರನ್ನೊಬ್ಬರು ನಡೆಸಿದೆವು. ಎರಡನೆಯ ವಾರ, ಒಂದು ಬಡಾವಣೆಗೆ ಹೋಗಿ ಸಮಸ್ಯೆಯೊಂದನ್ನು ಗುರುತಿಸಿ ಬಗೆಹರಿಸುವಂತೆ ಕಳಿಸಿದರು. ನನಗೆ ಸಿಕ್ಕಿದ್ದು ಲಗ್ಗೆರೆ. ಅಷ್ಟರಲ್ಲಿ ಕಣ್ಣಿನ ಬಟ್ಟೆ ಬಿಚ್ಚಿದ್ದಾರೆಂದೇ ನಾನು ಭಾವಿಸಿದ್ದೆ.

ಅನ್ಯಾಯಗಳಿಗೆ ಕೊರತೆಯಿರಲಿಲ್ಲ. ಇಡೀ ಬೀದಿಗೆ ಒಂದೇ ನಲ್ಲಿ, ಅದು ಅನ್ಯಾಯ. ನೀರು ಬೆಳಿಗ್ಗೆ ಒಂದೇ ಗಂಟೆ, ಅದೂ ಅನ್ಯಾಯ. ಕೊಡ ಹೊರುವವರೆಲ್ಲ ಹೆಂಗಸರೇ ಆಗಿದ್ದುದು ಎಲ್ಲಕ್ಕಿಂತ ಹಳೆಯ ಅನ್ಯಾಯ. ಇವನ್ನೆಲ್ಲ ಸ್ಕೆಚ್ ಪೆನ್ನಿನಲ್ಲಿ ಬರೆದುಕೊಂಡು ಮರುದಿನ ಬೆಳಗಾಗುತ್ತಲೇ ಹೋದರೆ, ನಲ್ಲಿಯ ಮುಂದೆ ಯಾರೂ ಇಲ್ಲ. ಸಾಲಾಗಿ ಇಟ್ಟಿಗೆ ಚೂರು, ಕಲ್ಲು, ತಳ ಹೋದ ಡಬ್ಬ. ಕುಡಿಯುವ ನೀರಿನ ಬಳಿ ಕಸ! ಅಂಗಿಯ ತೋಳು ಮಡಚಿ ಎಲ್ಲವನ್ನೂ ಮೋರಿಯಾಚೆ ಒಟ್ಟಿದೆ.

ನೀರು ಬರುವ ಹೊತ್ತಿಗೆ ಹೆಂಗಸರು ಕೊಡ ಹಿಡಿದು ಬಂದರು.

“ನನ್ ಕಲ್ಲೆಲ್ಲಿ?”

“ಯಾರೇ ತೆಗ್ದಿದ್ದು?”

“ನಾನೇ ಅಮ್ಮ, ಕಸ ಬಿದ್ದಿತ್ತು,” ಎಂದೆ, ಮೆಚ್ಚುಗೆಗೆ ಸಿದ್ಧನಾಗಿ.

ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಪುಟ್ಟಲಕ್ಷ್ಮಿ ಕೊಡವನ್ನು ಕುಕ್ಕಿದಳು. “ಅದು ಕಸ ಅಲ್ಲ ಸಾರ್, ಅದು ನಾನು! ಎರಡ್ನೇ ಜಾಗ ಅಂತ ಆಗ್ಲೇ ಇಟ್ಟೋಗಿದ್ದೆ. ಈಗ ಯಾರ್ ಮುಂದೆ ಯಾರ್ ಹಿಂದೆ ಅಂತ ಜಗಳ ತೀರೋ ಹೊತ್ಗೆ ಫ್ಯಾಕ್ಟ್ರಿ ಗೇಟ್ ಹಾಕ್ಬಿಡ್ತಾರೆ. ಈ ತಿಂಗ್ಳು ಎರಡ್ ಸಲ ಲೇಟಾಗಿದೀನಿ. ಇವತ್ತೂ ಆದ್ರೆ ಕೆಲ್ಸದಿಂದ ತೆಗ್ದಾಕ್ತಾರೆ.”

ಗೇಟು ಹಾಕುವುದೂ ಒಂದು ಅನ್ಯಾಯವೆಂದು ನಾನು ವಿವರಿಸತೊಡಗಿದೆ. ಬೀದಿಗೆಲ್ಲ ಹಿರಿಯಳಾದ ಸಾಕಮ್ಮ ನನ್ನ ರಟ್ಟೆ ಹಿಡಿದು ಎಳೆದಳು.

“ಭಾಷ್ಣ ಆಮೇಲೆ. ಕಲ್ಲು ತೆಗ್ದೋನು ನೀನು, ನೀನೇ ಕಲ್ಲಾಗು. ಇಲ್ ನಿಂತ್ಕೋ, ಅಲ್ಲಾಡ್ಬೇಡ. ಪುಟ್ಟೀ, ನೀ ಓಡೇ. ನಿನ್ ಕೊಡ ಇವ್ನು ತುಂಬಿಡ್ತಾನೆ.”

ಪುಟ್ಟಲಕ್ಷ್ಮಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಜ್ಜೀ, ನನ್ ಕಲ್ಲೇ ವಾಸಿ ಇತ್ತು,” ಎಂದು ಓಡಿದಳು. ಗೇಟು ಹಾಕುವ ಮೊದಲೇ ಒಳಹೊಕ್ಕಳೆಂದು ಸಂಜೆ ತಿಳಿಯಿತು. ಅಲ್ಲಿಯವರೆಗೆ ನಾನು ಆ ಬೀದಿ ಬಿಟ್ಟು ಕದಲಿರಲಿಲ್ಲ.

ಉಳಿದ ದಿನಗಳಲ್ಲೆಲ್ಲ ನಾನು ಎರಡನೆಯ ಜಾಗದ ಕಲ್ಲಾಗಿ ನಿಂತೆ. ಪರಿಶೀಲನೆಗೆ ಬಂದ ತರಬೇತಿಯವರು, “ಇಲ್ಲಿ ನಮ್ಮ ಲೀಡರ್ ಒಬ್ರು ಇದಾರಲ್ಲ?” ಎಂದು ಕೇಳಿದರು.

“ಲೀಡರ್ ಯಾರೂ ಇಲ್ಲ ಸಾರ್. ಕಲ್ಲೈತೆ, ಅಗೋ,” ಎಂದಳು ಸಾಕಮ್ಮ.

ಅವರು ನನ್ನನ್ನು ನೋಡಿ, ‘ಸಮುದಾಯದೊಂದಿಗೆ ನಿಲ್ಲುವ ಹೊಸ ವಿಧಾನ’ ಎಂದು ಗಂಭೀರವಾಗಿ ಬರೆದುಕೊಂಡರು. ನನಗೆ ಪ್ರಶಸ್ತಿಪತ್ರವೂ ಬಂತು. ನಲ್ಲಿ ಮಾತ್ರ ಒಂದೇ ಉಳಿಯಿತು.

ಮೊನ್ನೆಯ ಹುಡುಗಿ ಬರೆದು ಮುಗಿಸಿ ಚಾರ್ಟ್ ಹಿಡಿದು ಬಂದಳು. “ಸಾರ್, ಪಟ್ಟಂದೂರು ಅಗ್ರಹಾರದ ಐದು ಪ್ರಾಬ್ಲಮ್ಸ್. ಕರೆಕ್ಟಾ ನೋಡಿ.”

“ಅಲ್ಲಿ ಯಾರನ್ನ ಕೇಳಿದ್ರಮ್ಮ?”

ಆಕೆ ಜೊತೆಗೆ ಬಂದಿದ್ದ ಗೆಳತಿಯ ಮುಖ ನೋಡಿದಳು. “ಕೇಳ್ಬೇಕಿತ್ತಾ ಸಾರ್?”

ನನ್ನ ಜೇಬಿನಲ್ಲಿ ನಲವತ್ತು ನಿಮಿಷದ ಭಾಷಣವಿತ್ತು. ಅದನ್ನು ಮೇಜಿನ ಮೇಲೆ ಬಿಟ್ಟು, ಅವರಿಬ್ಬರನ್ನೂ ಕರೆದುಕೊಂಡು ಹೊರಬಂದು, ಅಗ್ರಹಾರದ ಕಡೆಗೆ ಹೋಗುವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಬಾಗಿಲಲ್ಲಿದ್ದವರನ್ನು ಕೇಳಿದೆ.