ಬಾಗಿಲ ಪಕ್ಕದ ಸಣ್ಣ ಎಡೆ

ಹಾಸನದ ನಮ್ಮ ಮನೆಯಲ್ಲಿ, ಟಿ.ವಿ. ಇರಬೇಕಾದ ಗೋಡೆಯ ಮೇಲೆ ಒಂದು ವಂಶವೃಕ್ಷವಿದೆ. ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ನಾನೇ ಮಾಡಿದ್ದು. ಮನೆಗೆ ಬಂದ ನೆಂಟರು ಕಾಫಿ ಕುಡಿಯುತ್ತಾ ಮೊದಲು ತಮ್ಮ ಹೆಸರು ಇದೆಯೇ ಎಂದು ಹುಡುಕುತ್ತಾರೆ, ಆಮೇಲೆ ದಾಯಾದಿಯ ಹೆಸರು ತಮ್ಮದಕ್ಕಿಂತ ದಪ್ಪಕ್ಷರದಲ್ಲಿದೆಯೇ ಎಂದು ನೋಡುತ್ತಾರೆ. ನನ್ನ ಗಂಡ ಇದನ್ನು ಸತ್ತವರ ಜನಗಣತಿ ಎನ್ನುತ್ತಾರೆ. ಅಂದುಕೊಳ್ಳಲಿ. ಇಬ್ಬರೂ ಸ್ಕೂಲ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಕುಂಡದಲ್ಲಿ ಗುಲಾಬಿ ಹಾಕಿದರು, ನಾನು ಈ ಹುಚ್ಚು ಹಚ್ಚಿಕೊಂಡೆ.

ಹುಚ್ಚು ನನ್ನೊಬ್ಬಳದೇ ಅಲ್ಲ, ನಮ್ಮದೊಂದು ವಾಟ್ಸಾಪ್ ಗುಂಪೇ ಇದೆ. ಅಲ್ಲಿ ಮುಕ್ಕಾಲು ಜನಕ್ಕೆ ತಮ್ಮ ಮುತ್ತಾತ ಯಾವುದೋ ಪಾಳೇಗಾರನ ದಂಡಿನಲ್ಲಿದ್ದ ಎಂದು ತೋರಿಸಿಕೊಳ್ಳುವ ಚಪಲ. ಎಲ್ಲರೂ ದಂಡಿನಲ್ಲಿದ್ದರೆ ರಾಗಿ ಬಿತ್ತಿದವರು ಯಾರು ಎಂದು ಒಮ್ಮೆ ಕೇಳಿ ಬೈಸಿಕೊಂಡೆ. ನನ್ನ ದಾರಿ ಬೇರೆ. ನಮ್ಮಂಥ ಒಕ್ಕಲು ಮನೆಗಳಲ್ಲಿ ಸತ್ತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಆದರೆ ಪಿತೃಪಕ್ಷದಲ್ಲಿ ಅವರಿಗೆ ಎಡೆ ಇಡುವುದನ್ನು ಯಾರೂ ಬಿಟ್ಟಿಲ್ಲ. ಹೊಸ ಬಟ್ಟೆ ಮಡಿಸಿಟ್ಟು, ಬಾಳೆ ಎಲೆಯಲ್ಲಿ ಅವರವರಿಗೆ ಇಷ್ಟವಾದದ್ದನ್ನು ಬಡಿಸುತ್ತಾರೆ. ಹಾಗಾಗಿ ನಾನು ಯಾರ ಮನೆಗೆ ಹೋದರೂ ಹೆಸರು ಕೇಳುವುದಿಲ್ಲ. ಪಕ್ಷದಲ್ಲಿ ಯಾರ್ಯಾರಿಗೆ ಎಡೆ ಇಡುತ್ತೀರಿ, ಏನೇನು ಬಡಿಸುತ್ತೀರಿ ಎಂದು ಕೇಳುತ್ತೇನೆ. ಮುತ್ತಾತನ ಹೆಸರು ಮರೆತವರಿಗೂ ಅವನಿಗೆ ನಾಟಿಕೋಳಿ ಸಾರಿನ ಜೊತೆ ಬೀಡಿ ಇಡಬೇಕೆಂಬುದು ನೆನಪಿರುತ್ತದೆ.

ಹೀಗೆ ತಿರುಗಿ ತಿರುಗಿ ಸತ್ತವರು ನನಗೆ ಅಭ್ಯಾಸವಾಗಿಬಿಟ್ಟರು. ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ತೂಕಡಿಸುವಾಗ, ಗದ್ದೆ ಬದುವಿನ ಮೇಲೆ ಅವರೆಲ್ಲ ಹೊಸ ಬಟ್ಟೆ ಉಟ್ಟು ಸಾಲಾಗಿ ಎಲ್ಲಿಗೋ ಊಟಕ್ಕೆ ಹೊರಟಂತೆ ಕಾಣುತ್ತದೆ. ಯಾರಿಗೂ ಅವಸರವಿರುವುದಿಲ್ಲ. ಕೈ ಬೀಸಬೇಕು ಎನ್ನುವಷ್ಟರಲ್ಲಿ ಕಂಡಕ್ಟರ್ ಬಂದು ಇಳೀರಿ ಮೇಡಂ ಎನ್ನುತ್ತಾನೆ.

ನನ್ನ ಮರದಲ್ಲಿ ಒಂದು ಕೊಂಬೆ ಮಾತ್ರ ಬೋಳಾಗಿತ್ತು. ಅದು ಅಮ್ಮನ ತಾಯಿಯ ತವರು. ಅಮ್ಮನಿಗೆ ಈಗ ಎಂಬತ್ತರ ಹತ್ತಿರ, ನಮ್ಮ ಜೊತೆಯಲ್ಲೇ ಇದ್ದಾಳೆ. ಅವಳನ್ನು ಹೆತ್ತ ದಿನವೇ ಅವಳ ಅವ್ವ ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ, ಗಂಡನ ಮನೆಯಲ್ಲಿ ತೀರಿಕೊಂಡಳು. ಕೂಸನ್ನು ಸೋದರತ್ತೆ ಚನ್ನರಾಯಪಟ್ಟಣಕ್ಕೆ ಎತ್ತಿಕೊಂಡು ಹೋಗಿ ತನ್ನ ಮಗಳಂತೆಯೇ ಸಾಕಿದಳು. ತವರಿನ ವಿಷಯ ಕೇಳಿದಾಗಲೆಲ್ಲ ಆ ಅತ್ತೆ, ನಿಮ್ಮವ್ವ ಹೊಳೆಯಾಚೆಯವಳು, ಅರಕಲಗೂಡು ಕಡೆ, ಎಂದಷ್ಟೇ ಹೇಳಿ ಎದ್ದು ಹೋಗುತ್ತಿದ್ದಳಂತೆ. ಅಮ್ಮನ ಅಪ್ಪನೂ ಆ ಮಾತೆತ್ತುತ್ತಿರಲಿಲ್ಲವಂತೆ. ತವರಿನವರು ಬಂದು ಮಗು ಕೇಳಿಬಿಟ್ಟರೆ ಎಂಬ ಭಯವಿತ್ತೇನೋ. ಅಮ್ಮನಿಗೆ ಮದುವೆಯಾಗಿ ನಾವೆಲ್ಲ ಹುಟ್ಟಿದ ಮೇಲೆ ಆ ಕಡೆಯ ಊರುಗಳೂ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗಿದವು.

“ಅವ್ವ ಸತ್ಲು, ಸರಿ. ನಾನು ಬದುಕಿದ್ನಲ್ಲ. ತವರಿನೋರು ಒಬ್ರಾದ್ರೂ ಬಂದು ನನ್ ಮಕ ನೋಡ್ಬಾರ್ದಾಗಿತ್ತಾ?” ಎಂದು ಅಮ್ಮ ಕೇಳುತ್ತಿದ್ದಳು. ನಿನ್ನೆ ಮೊನ್ನೆ ಆದದ್ದೇನೋ ಎಂಬಂತೆ ಕೇಳುತ್ತಿದ್ದಳು. ತನ್ನನ್ನು ಯಾಕೆ ಬಿಟ್ಟರು ಎಂಬುದು ಗೊತ್ತಾಗದೆ ಈ ಮುದುಕಿಯ ಜೀವಕ್ಕೆ ಸಮಾಧಾನವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳನ್ನು ಆ ಹಿನ್ನೀರಿನ ದಡದ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋದೆ. ನೀರು ಇಳಿದಿತ್ತು. ಪಾಳು ಚರ್ಚಿನ ಮುಂದೆ ಹುಡುಗ ಹುಡುಗಿಯರು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅಮ್ಮ ಚರ್ಚಿನ ಕಡೆ ತಿರುಗಿಯೂ ನೋಡಲಿಲ್ಲ. ದಡದಲ್ಲಿ ಕೂತು ಬಹಳ ಹೊತ್ತು ನೀರನ್ನೇ ನೋಡಿದಳು. ನನಗೂ ಮಂಪರು ಬಂದಂತಾಗಿ, ತಳದಲ್ಲಿ ಒಂದು ಬೀದಿ, ಬೀದಿಯಲ್ಲಿ ತೆರೆದ ಬಾಗಿಲು, ಬಾಗಿಲಲ್ಲಿ ನನಗಿಂತ ಎಷ್ಟೋ ಚಿಕ್ಕವಳಾದ ನನ್ನ ಅಜ್ಜಿ ನಿಂತಿರುವುದು ಕಂಡಂತೆಯೇ ಆಯಿತು. ಅಮ್ಮ ಮಾತ್ರ, ಬಿಸಿಲಾಯ್ತು ನಡಿ, ಎಂದಳು.

ಮುಳುಗಿದ ಊರುಗಳವರು ಅರಕಲಗೂಡಿನ ಸುತ್ತಮುತ್ತ ಚೆದುರಿ ನೆಲೆ ನಿಂತಿದ್ದಾರೆ. ಆ ಮಳೆಗಾಲ ಪೂರ್ತಿ ಅವರ ಮನೆಗಳಿಗೆ ಎಡತಾಕಿದೆ. ನನ್ನ ಪ್ರಶ್ನೆ ಕೇಳಿ ಕೆಲವರು ನಕ್ಕರು. ಒಬ್ಬರು ನನ್ನನ್ನು ಕೇಟರಿಂಗಿನವಳು ಎಂದುಕೊಂಡರು. ಕೊನೆಗೆ ಒಂದು ಮನೆಯಲ್ಲಿ, ಅಮ್ಮನ ವಯಸ್ಸಿನ ಒಬ್ಬ ವಿಧವೆ ಅಜ್ಜಿ ಸೊಪ್ಪು ಸೋಸುತ್ತಾ ತಮ್ಮ ಮನೆಯ ಎಡೆಗಳನ್ನು ಹೇಳತೊಡಗಿದರು. ಮಾವನಿಗೆ, ಅತ್ತೆಗೆ, ಗಂಡನಿಗೆ. ಆಮೇಲೆ, “ಬಾಗ್ಲು ಪಕ್ಕ ಇನ್ನೆರಡು ಇಡ್ತೀವಿ ಕಣವ್ವ. ನಮ್ಮನೆಯೋರ ಅಕ್ಕಂಗೊಂದು, ಅವಳ ಕೂಸಿಗೊಂದು ಸಣ್ಣದು,” ಎಂದರು.

ಕೊಟ್ಟ ಹೆಣ್ಣುಮಗಳಿಗೆ ತವರಿನಲ್ಲಿ ಎಡೆ ಇಡುವ ಪದ್ಧತಿಯಿಲ್ಲ. ಎಳೆಗೂಸಿಗಂತೂ ಎಲ್ಲೂ ಇಡುವುದಿಲ್ಲ. ಯಾಕೆ ಎಂದು ಕೇಳಿದೆ.

“ಒಳೆನರ್ಸೀಪುರದ ಕಡೆ ಕೊಟ್ಟಿದ್ರಂತೆ. ಎರಿಗೇಲಿ ಓದ್ಲು ಅಂತ ಸುದ್ದಿ ಬಂತು. ಒಳೆ ತುಂಬಿತ್ತು, ದಾಟಕ್ಕಾಗ್ನಿಲ್ಲ. ನೀರಿಳಿದ್ ಮ್ಯಾಲೆ ಓಗಿ ನೋಡಿದ್ರೆ ಮನೇಲಿ ತೊಟ್ಲಿಲ್ಲ, ಕೂಸಿನ ಸದ್ದಿಲ್ಲ. ಅಳಿಯ ತಲೆ ಮ್ಯಾಲೆ ಕೈ ಒತ್ಕಂಡು ಕುಂತವ್ನೆ. ಇನ್ನೇನಂತ ಕೇಳಾದು? ಎರಡು ಜೀವನೂ ಓದ್ವು ಅಂದ್ಕಂಡು ಅಳ್ತಾ ಬಂದ್ಬುಟ್ರು.”

ಅಳಿಯನ ಊರು ಯಾವುದು, ಹೆಸರೇನು ಎಂದು ಕೇಳಿದೆ. ಅವರು ಹೇಳಿದ್ದು ನನ್ನ ತಾತನ ಊರು, ನನ್ನ ತಾತನ ಹೆಸರು. ಅಜ್ಜಿ ತಮ್ಮ ಪಾಡಿಗೆ ಮುಂದುವರಿಸಿದರು. ಅವರ ಅತ್ತೆ ಮೊದಲ ವರ್ಷ ಆ ಸಣ್ಣ ಎಲೆಯ ಮೇಲೆ ಒಂದು ಲೋಟ ಹಾಲಿಟ್ಟಿದ್ದರಂತೆ. ಆಮೇಲೆ ಹಾಲನ್ನ, ಬೆಲ್ಲ. ಆಮೇಲೆ ಗಾಜಿನ ಬಳೆ, ಲಂಗ. ಈ ಅಜ್ಜಿ ಸೊಸೆಯಾಗಿ ಬರುವ ಹೊತ್ತಿಗೆ ದಾವಣಿ ಇಡುತ್ತಿದ್ದರು. “ಸತ್ತೋರ್ಗೆ ವಯಸ್ಸಾಗಕಿಲ್ಲ ಅಂದ್ರೆ ನಮ್ಮತ್ತೆ ಒಪ್ತಿರ್ನಿಲ್ಲ. ವರ್ಸ ವರ್ಸ ಬಂದು ಉಣ್ತಾವ್ಳಲ್ಲ, ಬೆಳೀದೆ ಏನ್ಮಾಡ್ತಾಳೆ ಅನ್ನೋರು. ಈಗ ಅವಳೂ ನನ್ನಂಗೆ ಮುದ್ಕಿ ಆಗಿರ್ತಾಳಲ್ವಾ? ಹಲ್ಲಿರಕಿಲ್ಲ ಅಂತ ಚಕ್ಕುಲಿ ಬುಟ್ಟು ಮೆತ್ತಗಿರೋ ಕಜ್ಜಾಯ ಇಡ್ತೀನಿ.”

ಆ ಕೂಸು ಹಾಸನದಲ್ಲಿದೆ ಅಜ್ಜಿ, ನನ್ನ ತಾಯಿ ಅದು, ಎಂದೆ. ಅವರು ಸೊಪ್ಪನ್ನು ಬದಿಗಿಟ್ಟು ಎದ್ದರು. ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ. ಬದುಕಿದ್ದವಳಿಗೆ ಎಡೆ ಇಟ್ಟುಬಿಟ್ಟೆವಲ್ಲ, ಆಯಸ್ಸಿಗೆ ಏನಾದರೂ ತಟ್ಟಿದ್ದರೆ ಎಂದು ತುಳಸಿಗೆ ಕೈ ಮುಗಿದು ಕೆನ್ನೆ ಬಡಿದುಕೊಂಡರು. ಬಿ.ಪಿ. ಮಾತ್ರೆ ಬಿಟ್ಟರೆ ಏನೂ ತಟ್ಟಿಲ್ಲ ಎಂದು ನಾನು ಸಮಾಧಾನ ಮಾಡಬೇಕಾಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಏನೇನು ಇಡುತ್ತಿದ್ದರು ಎಂದು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಲಂಗದ ಬಣ್ಣ ಕೇಳಿದಳು. “ನನ್ ಹಲ್ಲು ಗಟ್ಟಿಯಾಗವೆ ಅಂತ ಹೇಳ್ಬಾರ್ದಾಗಿತ್ತಾ?” ಎಂದು ನನ್ನನ್ನೇ ಗದರಿದಳು. ಸೆರಗನ್ನು ಮುಖಕ್ಕೆ ಒತ್ತಿಕೊಂಡದ್ದು ಅದಾದ ಮೇಲೆ. “ನಾನು ಅವ್ರನ್ನ ಬೈಕೊಂಡೇ ಇದ್ದೆ ಕಣೆ. ಅವ್ರು ನಂಗೆ ಬಡಿಸ್ತಾನೇ ಇದ್ರು.”

ಈ ಸಲದ ಪಕ್ಷಕ್ಕೆ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ವಯಸ್ಸಿನಲ್ಲಿ ಸಮಾನರಾದರೂ ಅಜ್ಜಿ ಸೋದರಮಾವನ ಹೆಂಡತಿ; ಅಮ್ಮ ಅವರನ್ನು ಅತ್ತೆ ಎಂದೇ ಕರೆದು ಕಾಲು ಮುಟ್ಟಿದಳು. ಸಂಜೆ ಎಲೆಗಳನ್ನು ಹಾಕಿದರು. ಅಮ್ಮನ ಅವ್ವನ ಎಲೆಗೆ ಹೊಳೆ ಮೀನಿನ ಸಾರು ಬಿತ್ತು. ಅಮ್ಮನಿಗೆ ಮೀನಿನ ವಾಸನೆಯೇ ಆಗದು, ಆದರೂ ಬಗ್ಗಿ ನೋಡಿದಳು. ಇನ್ನುಳಿದ ಸಣ್ಣ ಎಲೆಯನ್ನು ಹಿಡಿದುಕೊಂಡು ಅಜ್ಜಿ, ಇಡಲೋ ಬೇಡವೋ ತಿಳಿಯದೆ ನಿಂತುಬಿಟ್ಟರು.

“ಇಡಿ ಅತ್ತೆ,” ಎಂದಳು ಅಮ್ಮ. “ನಾನೇ ಬಂದಿವ್ನಲ್ಲ, ಉಣ್ತೀನಿ.”

ಎಡೆ ಇಟ್ಟು ಧೂಪ ಹಾಕಿದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗಿರಬಾರದು. ಅಜ್ಜಿ ಒಂದು ಗಳಿಗೆ ಯೋಚಿಸಿ, “ನೀನು ಒಳಗೇ ಕುಂತ್ಕೊ ಮಗಳೇ,” ಎಂದು ಬಾಗಿಲು ಎಳೆದುಕೊಂಡರು. ನಾವು ಜಗಲಿಯಲ್ಲಿ ಕೂತೆವು. ಬಾಗಿಲ ಸಂದಿಯಿಂದ ಧೂಪದ ಹೊಗೆ ಸಣ್ಣಗೆ ಬರುತ್ತಿತ್ತು. ಒಳಗೆ ಯಾರೋ ಮೆಲ್ಲಗೆ ಮಾತಾಡಿದಂತೆ ಕೇಳಿಸಿತು, ಅಥವಾ ನನಗೆ ಹಾಗನ್ನಿಸಿತು. ಬೆಳಕು ಇಳಿಯಿತು. ವಾಡಿಕೆಯ ಹೊತ್ತು ಮೀರಿತು. ಅಜ್ಜಿ ಬಾಗಿಲಿಗೆ ಬಾಯಿಟ್ಟು, “ಆಯ್ತೇನವ್ವ, ತೆಗೀಲಾ?” ಎಂದು ಕೇಳಿದರು.

“ಇನ್ನೊಸಿ ತಡೀರಿ,” ಎಂದಳು ಅಮ್ಮ ಒಳಗಿನಿಂದ. “ಅವ್ವ ಇನ್ನೂ ಉಣ್ತಾವ್ಳೆ.”